ಕೈ ಹಾಕಿದರೆ ಸಿಕ್ಕುವ ಚೀಲದ ಮುಖ್ಯಸ್ಥರಿಗೆ

ಮಾನ್ಯರೇ,

ತಾವೂ, ತಮ್ಮ ವಿನ್ಯಾಸ ವಿಭಾಗದ ಸಮಸ್ತ ಸಿಬ್ಬಂದಿಯೂ, ಅದರಲ್ಲೂ ವಿಶೇಷವಾಗಿ ತಮ್ಮೆಲ್ಲರ ಬೆನ್ನುಗಳೂ ಕ್ಷೇಮವಾಗಿವೆಯೆಂದು ನಂಬಿ, ತಮ್ಮ ಅಮೂಲ್ಯ ಸಮಯದಲ್ಲಿ ಒಂದಿಷ್ಟನ್ನು ಕದಿಯಲು ಅಪ್ಪಣೆ ಬೇಡುತ್ತ ಈ ಪತ್ರ ಬರೆಯುತ್ತಿದ್ದೇನೆ. ನನ್ನ ನೆನಪು ತಮಗಿರಲಾರದು. ವಿಡಿಯೋ ತೆಗೆಯುವವರಿಗೆಂದು ತಾವು ತಯಾರಿಸುತ್ತಿರುವ ಬಹೂಪಯೋಗಿ ಕ್ಯಾಮೆರಾ ಬೆನ್ನುಚೀಲದ ಮಾದರಿಗಳನ್ನು ಹೊತ್ತು ನೋಡಿ ಹೇಳಲಿಕ್ಕೆ ತಾವೇ ಹುಡುಕಿಕೊಂಡು ಬಂದು ಆರಿಸಿದ ಅಕ್ಕ-ತಮ್ಮ ನಾವು. ಕ್ಯಾಮೆರಾ ಹಿಡಿಯುವವಳು ಅಕ್ಕ; ಮೈಕು ಚಾಚಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಯಾರಾದರೂ ಕೆಮ್ಮಿದರೆ ಅವರನ್ನು ಕೆಕ್ಕರಿಸಿ ನೋಡುವವನು ನಾನು.

ಮೊನ್ನೆ ತಮ್ಮ ಪ್ರಚಾರ ವಿಭಾಗದಿಂದ ನಮಗೊಂದು ಇಮೇಲ್ ಬಂತು. ಹೊರುವವರು ಚೀಲವನ್ನು ಹೇಗೆ ಬಳಸುತ್ತಾರೆಂದು ತಿಳಿಯುವುದಕ್ಕಾಗಿ, ಕೇವಲ ಅದಕ್ಕಾಗಿ ಎಂದು ಹೇಳಿ ತಾವು ಭುಜದ ಪಟ್ಟಿಯಲ್ಲಿ ಹುದುಗಿಸಿದ್ದ ಪುಟ್ಟ ಕ್ಯಾಮೆರಾದಲ್ಲಿ ಇಪ್ಪತ್ತು ಸೆಕೆಂಡಿನ ಒಂದು ತುಣುಕು ಸಿಕ್ಕಿದೆಯಂತೆ, ಅದು ‘ಅತ್ಯಂತ ಭಾವನಾತ್ಮಕ’ವಾಗಿರುವುದರಿಂದ ಮುಂದಿನ ವಾರ ಚೀಲದ ಬಿಡುಗಡೆಗೆ ತೋರಿಸುವ ಜಾಹೀರಾತು ಚಿತ್ರದಲ್ಲಿ ಅದನ್ನು ಬಳಸಲು ಇಚ್ಛಿಸಿದ್ದೀರಂತೆ, ನಾವು ‘ಒಪ್ಪಿಗೆ’ ಎಂಬ ಒಂದೇ ಪದ ಬರೆದು ಕಳಿಸಿದರೆ ಸಾಕಂತೆ. ಒಂದೇ ಪದದಲ್ಲಿ ಮುಗಿಸುವ ಜಾಣತನ ನನಗಿಲ್ಲ. ಅಕ್ಕನಿಗೆ ಇದೆ, ಆದರೆ ಆ ಇಮೇಲ್ ಓದಿ ಅವಳು ಅಂದ ಒಂದು ಪದವನ್ನು ಅಚ್ಚಿನಲ್ಲಿ ಹಾಕುವಂತಿಲ್ಲ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಮತ್ತು ನಾಲ್ಕು ಜನರ ಮುಂದೆ ಆಗುತ್ತದೆ. ದೊಡ್ಡ ಮನಸ್ಸಿನಿಂದ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮ್ಮ ಕಚೇರಿಯ ಮೊದಲ ಸಭೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಗೋಡೆಯ ತುಂಬ ಹಳದಿ, ಗುಲಾಬಿ ಚೀಟಿಗಳು, ಮೇಜಿನ ಮೇಲೆ ಸ್ಪಂಜಿನ ತುಂಡುಗಳು, ಕೂರಲು ಒರಗಿಲ್ಲದ ಉರುಟು ಸ್ಟೂಲುಗಳು. ಬೆನ್ನಿನ ಬಗ್ಗೆ ಇಷ್ಟೊಂದು ಚಿಂತಿಸುವ ಕೋಣೆಯಲ್ಲಿ ಬೆನ್ನು ಆನಿಸಲಿಕ್ಕೆ ಜಾಗವೇ ಇರಲಿಲ್ಲ. ತಮ್ಮ ತಂಡದವರು ಅಕ್ಕನ ಬೆನ್ನನ್ನು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಅಳೆದರು, ಬಗ್ಗಿಸಿ ಅಳೆದರು, ಕೂರಿಸಿ ಅಳೆದರು. ಆಮೇಲೆ ಅವಳ ಹಳೆಯ ಬ್ಯಾಗನ್ನು ಇಸಿದುಕೊಂಡು, ಅಧ್ಯಯನ ಮಾಡಿ ಕೊಡುತ್ತೇವೆ ಎಂದು ಹೇಳಿ, ಅಧ್ಯಯನಕ್ಕಾಗಿ ಅದನ್ನು ನಾಲ್ಕೂ ಕಡೆ ಹೊಲಿಗೆ ಬಿಚ್ಚಿ ಹಲಗೆಗೆ ಪಿನ್ನು ಹೊಡೆದು ಹರಡಿಟ್ಟರು. ಹೀಗೆ ನಮ್ಮ ಬಳಿ ಬೇರೆ ಬ್ಯಾಗೇ ಉಳಿಯದಂತೆ ನೋಡಿಕೊಂಡದ್ದು ತಮ್ಮ ದೂರದೃಷ್ಟಿ. ನಂತರ ಬಂದ ಪ್ರತಿಯೊಂದು ಮಾದರಿಯನ್ನೂ ಪ್ರತಿಯೊಂದು ಕೆಲಸಕ್ಕೂ ನಾವು ಹೊತ್ತೊಯ್ದದ್ದು ಬರೀ ಶ್ರದ್ಧೆಯಿಂದಲ್ಲ ಎಂಬುದನ್ನು ಇಲ್ಲಿ ನಮ್ರವಾಗಿ ಒಪ್ಪಿಕೊಳ್ಳುತ್ತೇನೆ.

ಆ ಸಭೆಯಲ್ಲಿ ತಾವು ಅಕ್ಕನನ್ನು ಕೇಳಿದಿರಿ, ಚೀಲದಲ್ಲಿ ನಿಮಗೆ ಏನೇನು ಬೇಕು ಎಂದು. ಅಕ್ಕ ಅಂದದ್ದು ಎರಡೇ ಮಾತು. ಮೊದಲನೆಯದು, “ಕೈ ಹಾಕಿದ್ರೆ ಸಿಕ್ಕಬೇಕು. ನೋಡ್ದೇನೇ ಸಿಕ್ಕಬೇಕು.” ಎರಡನೆಯದು, “ಸದ್ದು ಮಾಡಬಾರ್ದು.” ಮೊದಲನೆಯದನ್ನು ತಮ್ಮವರು ಭಕ್ತಿಯಿಂದ ಗುಲಾಬಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಎರಡನೆಯದನ್ನು ಕೇಳಿದ ಕೂಡಲೇ, ಅಕ್ಕ ತಮ್ಮನ್ನೇ ಗದರಿಸಿದಳೆಂದು ತಿಳಿದು, ಇಡೀ ತಂಡ ಬಾಯಿಗೆ ಬೀಗ ಹಾಕಿಕೊಂಡು ಕೂತಿತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಚೀಲ ಸದ್ದು ಮಾಡಬಾರದು ಎಂದು ಹೇಳಿದ್ದಕ್ಕೆ ಚೀಲ ಮಾಡುವವರು ಸದ್ದು ನಿಲ್ಲಿಸಿದ್ದು ನನಗೆ ತಿಳಿದ ಮಟ್ಟಿಗೆ ಇದೇ ಮೊದಲು.

ಫೋಟೋದವರಿಗೂ ನಮಗೂ ಇರುವ ವ್ಯತ್ಯಾಸ ಇದೊಂದೇ, ಮಾನ್ಯರೇ. ಫೋಟೋ ತೆಗೆಯುವವರ ಹಿಂದೆ ಡೋಲು ಬಾರಿಸಿದರೂ ಫೋಟೋ ಕೆಡುವುದಿಲ್ಲ. ನಾವು ಹೋದ ಕಡೆ ಫ್ಯಾನು ಆರಿಸುತ್ತೇವೆ, ಫ್ರಿಜ್ಜಿನ ಪ್ಲಗ್ಗು ಕೀಳುತ್ತೇವೆ, ಮನೆಯವರನ್ನು ಅವರದೇ ಮನೆಯಲ್ಲಿ ತುದಿಗಾಲಲ್ಲಿ ನಡೆಸುತ್ತೇವೆ. ಕೆಲಸ ಮುಗಿದ ಮೇಲೆ ಎಲ್ಲರನ್ನೂ ಕಂಬದ ಹಾಗೆ ನಿಲ್ಲಿಸಿ ಖಾಲಿ ಕೋಣೆಯ ಸದ್ದನ್ನೂ ಸ್ವಲ್ಪ ಹೊತ್ತು ತುಂಬಿಕೊಳ್ಳುತ್ತೇವೆ. ನಮ್ಮ ಭಾಷೆಯಲ್ಲಿ ಅದಕ್ಕೆ ‘ಮೌನ ಹಿಡಿಯೋದು’ ಅನ್ನುತ್ತೇವೆ. ಇದನ್ನು ನಾನು ತಮ್ಮ ತಂಡಕ್ಕೆ ವಿವರಿಸಿದಾಗ ಅವರು ತುಂಬ ಮೆಚ್ಚಿ, ಮೌನ ಹಿಡಿಯಲು ಚೀಲದಲ್ಲಿ ಪ್ರತ್ಯೇಕ ಜೇಬು ಬೇಕೇ ಎಂದು ವಿಚಾರಿಸಿದರು.

ಇನ್ನು ಮಾದರಿಗಳ ವಿಚಾರ. ಮೊದಲನೆಯದು ರಟ್ಟು, ಸ್ಪಂಜು ಮತ್ತು ಟೇಪಿನಿಂದ ಮಾಡಿದ್ದು. ನಿಜ ಹೇಳಬೇಕೆಂದರೆ ಅದು ಚೆನ್ನಾಗಿತ್ತು. ಅದಕ್ಕೆ ಏನೂ ಮಾಡಲು ಬರುತ್ತಿರಲಿಲ್ಲ. ಅಲ್ಲಿಂದಾಚೆ ತಮ್ಮ ಪ್ರತಿಭೆಗೆ ತಡೆಯೇ ಇರಲಿಲ್ಲ. ಮುಂದಿನ ಮಾದರಿ ಸ್ಟೂಲಾಗುತ್ತಿತ್ತು. ಕಾಯುವ ಕೆಲಸದಲ್ಲಿ ಕೂರಲು ಸ್ಟೂಲಿದ್ದರೆ ಯಾರಿಗೆ ಬೇಡ? ಆದರೆ ಕೂರುವ ಹಲಗೆಯೇ ಚೀಲದ ಮುಚ್ಚಳವಾಗಿದ್ದುದರಿಂದ, ಕೂತವಳಿಗೆ ಕ್ಯಾಮೆರಾ ಬೇಕೆಂದರೆ ಏಳಬೇಕು, ಎದ್ದ ಮೇಲೆ ಸ್ಟೂಲು ಮಡಚಬೇಕು, ಮಡಚಿ ತೆರೆಯುವಷ್ಟರಲ್ಲಿ ಭಾಷಣ ಮಾಡುತ್ತಿದ್ದವರು ಕೆಳಗಿಳಿದು ಊಟಕ್ಕೆ ಹೋಗಿರುತ್ತಿದ್ದರು. ಆಮೇಲೆ ಬಂದದ್ದು ಕೊಡೆಯ ಮಾದರಿ. ತಲೆಯ ಮೇಲೆ ತಾನಾಗಿ ಬಿಚ್ಚಿಕೊಳ್ಳುವ ಆ ಕೊಡೆ ಎಂಥ ಮುತುವರ್ಜಿಯದೆಂದರೆ ಕ್ಯಾಮೆರಾದ ಪ್ರತಿಯೊಂದು ಚೌಕಟ್ಟಿನಲ್ಲೂ ಮೂಗು ತೂರಿಸುತ್ತಿತ್ತು; ಒಂದು ಈಜು ಸ್ಪರ್ಧೆಯ ವಿಡಿಯೋದಲ್ಲಿ ಗೆದ್ದವರಿಗಿಂತ ಅದೇ ಹೆಚ್ಚು ಹೊತ್ತು ಕಾಣುತ್ತದೆ. ಅದರ ನಂತರದ್ದಕ್ಕೆ ಅಂಚಿನ ಸುತ್ತ ಮಿನುಗುವ ದೀಪಗಳು, ಬ್ಯಾಟರಿ ತುಂಬಿಸುವ ಬುದ್ಧಿವಂತ ಚಾರ್ಜರು, ಮತ್ತು ಚೀಲ ತೆರೆದಾಗಲೆಲ್ಲ “ಗಮನಿಸಿ, ನಿಮ್ಮ ಬ್ಯಾಗ್ ತೆರೆದಿದೆ” ಎಂದು ಜೇನಿನಂಥ ದನಿಯಲ್ಲಿ ಹೇಳುವ ಒಬ್ಬ ಅದೃಶ್ಯ ಹೆಣ್ಣುಮಗಳು. ಬ್ಯಾಗನ್ನು ತೆರೆದವಳಿಗೆ ಬ್ಯಾಗು ತೆರೆದಿದೆ ಎಂಬ ಸುದ್ದಿ ಮುಟ್ಟಿಸುವ ಈ ಸೇವೆ ಬೇರೆ ಯಾರಿಗೂ ಹೊಳೆದಿರಲಾರದು.

ಪ್ರತಿ ಸಭೆಯ ಕೊನೆಗೆ ತಮ್ಮವರು ಪೆನ್ನು ಹಿಡಿದು “ಇನ್ನೇನು ಸೇರಿಸ್ಬಹುದು ಮೇಡಂ?” ಎಂದು ಕೇಳುತ್ತಿದ್ದರು. ಅಕ್ಕ ಭುಜ ಹಿಸುಕಿಕೊಳ್ಳುತ್ತ “ಏನಾದ್ರೂ ತೆಗೀಬಹುದಾ?” ಎಂದು ಕೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಕ್ಕನಿಗೆ ಎಂಥ ಹಾಸ್ಯಪ್ರಜ್ಞೆ ಎಂದು ತಾವೇ ಒಮ್ಮೆ ನನ್ನ ಬೆನ್ನು ತಟ್ಟಿ ಹೇಳಿದ್ದೀರಿ. ಅವಳು ತಮಾಷೆ ಮಾಡುತ್ತಿರಲಿಲ್ಲ, ಮಾನ್ಯರೇ. ಅವಳಿಗೆ ತಮಾಷೆ ಬರುವುದೇ ಇಲ್ಲ. ಮನೆಯಲ್ಲಿ ಕೇಳಿ ನೋಡಿ.

ಕೊನೆಗೆ ಬಂತು ತಮ್ಮ ಮಾದರಿಗಳಲ್ಲೆಲ್ಲ ಶ್ರೇಷ್ಠವಾದದ್ದು. ದೀಪಗಳು, ಚಾರ್ಜರು, ಅದೃಶ್ಯ ಹೆಣ್ಣುಮಗಳು ಎಲ್ಲ ಹಾಗೆಯೇ ಉಳಿದು, ಜೊತೆಗೆ ಪಕ್ಕದಲ್ಲಿ ಒಂದು ಬಾಯಿ, ಆ ಬಾಯಿಗೆ ಬಿಗಿಯಾದ ಇಲಾಸ್ಟಿಕ್ಕು, ಒಳಗೆ ಹಲ್ಲಿನಂತೆ ಒಳಮುಖವಾಗಿ ಬಾಗಿದ ರಬ್ಬರಿನ ಕುಚ್ಚುಗಳು. ಕೈ ಸಲೀಸಾಗಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಇದೇನು ಎಂದು ನಾನು ಕೇಳಿದೆ. ತಮ್ಮ ಹಿರಿಯ ವಿನ್ಯಾಸಕರು ಗೋಡೆಯ ಮೇಲಿನ ಗುಲಾಬಿ ಚೀಟಿಯತ್ತ ಬೆರಳು ತೋರಿಸಿ, “ಮೇಡಂ ಹೇಳಿದ್ರಲ್ಲ ಸರ್, ಕೈ ಹಾಕಿದ್ರೆ ಸಿಕ್ಕಬೇಕು ಅಂತ! ಕಳ್ಳ ಕೈ ಹಾಕಿದ್ರೆ ಅಲ್ಲೇ ಸಿಕ್ಕಿಬೀಳ್ತಾನೆ” ಎಂದರು. ಅಕ್ಕ ಹೇಳಿದ್ದು, ಕೈ ಹಾಕಿದರೆ ಬೇಕಾದ ವಸ್ತು ಸಿಕ್ಕಬೇಕು ಎಂದು. ತಾವು ಮಾಡಿದ್ದು, ಕೈ ಹಾಕಿದರೆ ಹಾಕಿದ ಕೈಯೇ ಸಿಕ್ಕಬೇಕು ಎಂದು. ವ್ಯಾಕರಣದ ದೃಷ್ಟಿಯಿಂದ ತಮ್ಮ ಮೇಲೆ ಯಾವ ತಪ್ಪನ್ನೂ ಹೊರಿಸಲಾಗದು. ಒಂದು ಕ್ರಿಯಾಪದವನ್ನು ಇಷ್ಟು ನಿಷ್ಠೆಯಿಂದ ಹೊಲಿದು ಕೊಟ್ಟ ಸಂಸ್ಥೆ ಇನ್ನೊಂದಿರಲಿಕ್ಕಿಲ್ಲ. ಆದರೆ ಕಳ್ಳನ ಕೈ ಯಾವುದು, ಒಡತಿಯ ಕೈ ಯಾವುದು ಎಂಬ ಭೇದಭಾವ ಆ ಚೀಲಕ್ಕಿಲ್ಲ ಎಂದು ನಾನು ಹೇಳಿದಾಗ, “ಅಭ್ಯಾಸ ಆಗುತ್ತೆ ಸರ್” ಎಂಬ ಸಮಾಧಾನ ಸಿಕ್ಕಿತು. ಸಿಕ್ಕಿದ್ದು ಅದೊಂದೇ.

ಈಗ ಆ ಇಪ್ಪತ್ತು ಸೆಕೆಂಡಿನ ವಿಷಯಕ್ಕೆ ಬರುತ್ತೇನೆ. ತಮ್ಮ ಇಮೇಲಿನಲ್ಲಿ ಅದನ್ನು ‘ಮಗುವಿನ ತುಣುಕು’ ಎಂದು ಕರೆದಿದ್ದೀರಿ. ಆ ಮಗುವಿಗೆ ಮನೆಯಲ್ಲಿ ಗುಬ್ಬಿ ಅನ್ನುತ್ತಾರೆ. ಮೂರು ತುಂಬಿದೆ. ಅಪ್ಪ ಬಸ್ ಓಡಿಸುತ್ತಾರೆ, ಅಮ್ಮ ಅಂಚೆ ಕಚೇರಿಯಲ್ಲಿ ಪತ್ರಗಳನ್ನು ಬೀದಿವಾರು ಬೇರ್ಪಡಿಸುತ್ತಾರೆ. ಗುಬ್ಬಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆಪರೇಷನ್ ಆಗಿ, ತಲೆಯೊಳಗೆ ಸಣ್ಣದೊಂದು ಯಂತ್ರ ಕೂರಿಸಿ, ಗಾಯ ಮಾಯ್ದು, ಅದನ್ನು ಮೊದಲ ಬಾರಿ ಚಾಲೂ ಮಾಡುವ ದಿನ ಗೊತ್ತಾಗಿತ್ತು. ಅದನ್ನು ಚಿತ್ರಿಸಿಕೊಡಿ ಎಂದು ಅವರು ನಮ್ಮ ಬಳಿ ಬಂದರು. ಗುಬ್ಬಿ ಕೇಳುವ ಮೊದಲ ಶಬ್ದ ಅಮ್ಮನ ದನಿಯಾಗಬೇಕು, ಅದು ದಾಖಲಾಗಬೇಕು, ಮುಂದೆ ಅವಳು ದೊಡ್ಡವಳಾದ ಮೇಲೆ ನೋಡಬೇಕು. ಇದಿಷ್ಟೇ ಅವರ ಆಸೆ. ಏನು ಹೇಳುವುದೆಂದು ಆ ತಾಯಿ ತಿಂಗಳಿಡೀ ತಲೆ ಕೆಡಿಸಿಕೊಂಡಿದ್ದರು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುತ್ತ ಬಾಯಲ್ಲೇ ಹೇಳಿಕೊಳ್ಳುತ್ತಿದ್ದರಂತೆ. ಪಕ್ಕದವರು ಇವರಿಗೇನೋ ಆಗಿದೆ ಎಂದುಕೊಂಡಿದ್ದರಂತೆ. ಕೊನೆಗೆ ಆರಿಸಿಕೊಂಡದ್ದು, “ಗುಬ್ಬೀ, ನಾನು ಅಮ್ಮ. ಇಷ್ಟು ದಿನಾನೂ ಮಾತಾಡ್ತಾನೇ ಇದ್ದೆ.”

ಆ ಕೋಣೆಯನ್ನು ತಾವು ನೋಡಬೇಕಿತ್ತು. ನೋಡಿಯೇ ಇದ್ದೀರಲ್ಲ, ತಮ್ಮ ಪಟ್ಟಿಯ ಕ್ಯಾಮೆರಾದಲ್ಲಿ! ಆದರೆ ಅಲ್ಲಿನ ಮೌನವನ್ನು ಕೇಳಿಲ್ಲ. ಫ್ಯಾನು ನಿಂತಿತ್ತು. ಎಲ್ಲರ ಮೊಬೈಲುಗಳೂ ಹೊರಗಿನ ಕೋಣೆಯಲ್ಲಿದ್ದವು. ಕಿವಿಯ ಡಾಕ್ಟರಮ್ಮ ತಮ್ಮ ಕೈಗಡಿಯಾರ ಬಿಚ್ಚಿ ಡ್ರಾಯರಿನಲ್ಲಿ ಇಟ್ಟಿದ್ದರು. ಅಪ್ಪ ಬೂಟು ಕಳಚಿ ಬಾಗಿಲ ಹೊರಗೆ ಇಟ್ಟು ಬಂದಿದ್ದರು. ಹೆಡ್‌ಫೋನಿನಲ್ಲಿ ನನಗೆ ಆ ತಾಯಿಯ ಉಸಿರು ಕೇಳುತ್ತಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಮೌನವನ್ನು ನಾನು ಹಿಡಿದಿರಲಿಲ್ಲ. ತಮ್ಮ ಚೀಲ ಅಕ್ಕನ ಪಕ್ಕದ ಕುರ್ಚಿಯ ಮೇಲೆ, ಮಗುವಿನತ್ತ ಮುಖ ಮಾಡಿ, ಸಭ್ಯವಾಗಿ ಕೂತಿತ್ತು.

ಡಾಕ್ಟರಮ್ಮ ಬೆರಳೆತ್ತಿ ಸನ್ನೆ ಮಾಡಿ ಯಂತ್ರ ಚಾಲೂ ಮಾಡುವ ಹೊತ್ತಿಗೆ ಸರಿಯಾಗಿ ಅಕ್ಕನ ಕ್ಯಾಮೆರಾದಲ್ಲಿ ಬ್ಯಾಟರಿಯ ಕೆಂಪು ಗುರುತು ಮಿನುಗತೊಡಗಿತು. ತಮ್ಮ ಬುದ್ಧಿವಂತ ಚಾರ್ಜರು ರಾತ್ರಿಯೆಲ್ಲ ಬ್ಯಾಟರಿಗೆ ಚಾರ್ಜು ತುಂಬುವುದರ ಬದಲು ಚೀಲದ ಅಲಂಕಾರದ ದೀಪಗಳಿಗಾಗಿ ಅದರಿಂದಲೇ ಹೀರಿಕೊಂಡಿತ್ತೆಂದು ನಮಗೆ ಆಮೇಲೆ ತಿಳಿಯಿತು. ಅಕ್ಕ ಕಣ್ಣನ್ನು ಗುಬ್ಬಿಯ ಮುಖದಿಂದ ಕದಲಿಸದೆ, ಇನ್ನೊಂದು ಬ್ಯಾಟರಿಗಾಗಿ, ಹಳೆಯ ಬ್ಯಾಗಿನ ಅಭ್ಯಾಸದಲ್ಲಿ, ನೋಡದೆಯೇ ಕೈ ಹಾಕಿದಳು. ಸಿಕ್ಕಿತು. ಕೈ ಸಿಕ್ಕಿತು. ಮೆಲ್ಲಗೆ ಎಳೆದಳು, ಬರಲಿಲ್ಲ. ಇನ್ನೊಂದು ಚೂರು ಎಳೆದಳು, ಚೀಲದ ಇಡೀ ಪಕ್ಕ ವೆಲ್ಕ್ರೋ ಸಮೇತ ಕಿತ್ತುಕೊಂಡು ಬಂತು.

ಚರ್‍ರ್‍ರ್!

ಗುಬ್ಬಿ ಈ ಲೋಕದಲ್ಲಿ ಕೇಳಿದ ಮೊದಲ ಶಬ್ದ ಅದು. ಎರಡನೆಯದು “ಗಮನಿಸಿ, ನಿಮ್ಮ ಬ್ಯಾಗ್ ತೆರೆದಿದೆ.” ಮೂರನೆಯದು ನನ್ನ ಅಕ್ಕನ “ಹಾಳಾದ್ದೇ!” ಅಮ್ಮನ ಸರದಿ ಬಂದಾಗ ಮಗು ಕತ್ತು ಪೂರಾ ತಿರುಗಿಸಿ, ಕಣ್ಣನ್ನು ಬಟ್ಟಲಿನಷ್ಟು ಮಾಡಿಕೊಂಡು, ತಮ್ಮ ಚೀಲವನ್ನೇ ನೋಡುತ್ತಿತ್ತು. ಆ ತಾಯಿ ತಿಂಗಳಿಡೀ ಕೂಡಿಟ್ಟುಕೊಂಡ ಮಾತನ್ನು ಮಗುವಿನ ತಲೆಯ ಹಿಂಭಾಗಕ್ಕೆ ಹೇಳಿದರು. ಪೂರ್ತಿ ಹೇಳಿದರು, ಒಂದು ಪದ ಬಿಡದೆ. ತಾವು ‘ಅತ್ಯಂತ ಭಾವನಾತ್ಮಕ’ ಎಂದದ್ದು ಇದಕ್ಕೆ. ಒಪ್ಪಿದೆ.

ಅಲ್ಲಿ ಯಾರೂ ನಮ್ಮನ್ನು ಬೈಯಲಿಲ್ಲ, ಮಾನ್ಯರೇ. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು. “ಕೇಳಿಸ್ತಲ್ಲ, ಬಿಡಿ. ಅದೇ ದೊಡ್ಡದು” ಎಂದು ಬಸ್ಸಿನ ಅಪ್ಪ ನನ್ನ ಭುಜ ಮುಟ್ಟಿ ಹೇಳಿದರು, ನಮಗೆಲ್ಲ ಕಾಫಿ ತರಿಸಿದರು. ಅವರು ದೊಡ್ಡ ಮನುಷ್ಯರು. ನಾನು ಅಷ್ಟು ದೊಡ್ಡವನಲ್ಲ, ಅದಕ್ಕೇ ಈ ಪತ್ರ. ವಾರದ ನಂತರ ಆ ತಾಯಿ ನಮ್ಮ ಎಡಿಟಿಂಗ್ ಕೋಣೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಬಹಳ ಸಂಕೋಚದಿಂದ ಕೇಳಿದರು: “ಆ ಸದ್ದು ತೆಗೆದು ನನ್ನ ಮಾತನ್ನ ಮುಂದಕ್ಕೆ ಹಾಕೋಕಾಗುತ್ತಾ?” ಆಗುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ಸುಲಭವಾದದ್ದು ಇಲ್ಲ. ಅಕ್ಕ ಚೀಲದ ಸದ್ದನ್ನು ಕತ್ತರಿಸಿದಳು, ನಾನು ಆ ಜಾಗಕ್ಕೆ ಕೋಣೆಯ ಮೌನ ತುಂಬಿದೆ, ಅಮ್ಮನ ದನಿಯನ್ನು ಮುಂದಕ್ಕೆ ತಂದು ಕೂರಿಸಿದೆ, ಗುಬ್ಬಿ ತಿರುಗಿ ನೋಡುವುದನ್ನು ಅದರ ನಂತರ ಇಟ್ಟೆವು. ನೋಡಿದರೆ ಕಲ್ಲೂ ಕರಗಬೇಕು, ಹಾಗೆ ಬಂತು. ಅವರು ಅದನ್ನು ಎರಡು ಸಲ ನೋಡಿದರು. ಆಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, “ಬೇಡ ಬಿಡಿ. ನೋಡೋರಿಗೆ ಸರಿಯಾಯ್ತು. ಅವಳಿಗೆ ಆಗಿಲ್ವಲ್ಲ” ಎಂದರು. ಅಕ್ಕ ಎದ್ದು ಹೊರಗೆ ಹೋದಳು. ನನಗೂ ಅಳು ಬಂತು, ಬರೆಯಲು ನಾಚಿಕೆಯೇನಿಲ್ಲ.

ಇದಾಗಿ ಕೆಲವೇ ತಿಂಗಳಿಗೆ ತಮ್ಮ ಇಮೇಲ್. ಜಾಹೀರಾತಿನ ಘೋಷವಾಕ್ಯವನ್ನೂ ಜೊತೆಗೆ ಕಳಿಸಿದ್ದೀರಿ: ‘ಅವಳು ಮೊದಲು ಕೇಳಿದ್ದು ನಮ್ಮನ್ನು.’ ಭಲೇ! ತಪ್ಪನ್ನು ಮುಚ್ಚಿಡುವವರನ್ನು ಕಂಡಿದ್ದೇನೆ, ತಪ್ಪನ್ನು ಬೇರೆಯವರ ತಲೆಗೆ ಕಟ್ಟುವವರನ್ನೂ ಕಂಡಿದ್ದೇನೆ. ತಪ್ಪಿಗೆ ಹಿನ್ನೆಲೆ ಸಂಗೀತ ಕೊಟ್ಟು ಮಾರಾಟಕ್ಕಿಡುವವರನ್ನು ಕಂಡದ್ದು ಇದೇ ಮೊದಲು. ಹಾಗಾಗಿ ತಮ್ಮ ಸೃಜನಶೀಲತೆಯ ಮೇಲೆ ಭರವಸೆಯಿಟ್ಟು ಕೆಲವು ವಿನಂತಿಗಳನ್ನು ಮಾಡಿಕೊಳ್ಳುತ್ತೇನೆ. ಮುಂದಿನ ಮಾದರಿಯಲ್ಲಿ, ಸ್ಟೂಲಿಗೂ ಕೊಡೆಗೂ ನಡುವೆ ಎಲ್ಲಾದರೂ ಜಾಗ ಮಾಡಿ, ಹೊರಟುಹೋದ ಶಬ್ದವನ್ನು ಮಗುವಿನ ಕಿವಿಯಿಂದ ಹಿಂದಕ್ಕೆ ಎಳೆದುಕೊಳ್ಳುವ ಒಂದು ಜೇಬು ಹೊಲಿದು ಕೊಡಬೇಕು. ಆ ಅದೃಶ್ಯ ಹೆಣ್ಣುಮಗಳಿಗೆ, ತೆರೆದಾಗ ಸುಮ್ಮನಿದ್ದು, ಕೆಟ್ಟ ಯೋಚನೆಯೊಂದು ಸಭೆಯಲ್ಲಿ ಹುಟ್ಟಿದಾಗ ಮಾತ್ರ “ಗಮನಿಸಿ, ಇದು ಬೇಡ” ಎನ್ನುವಂತೆ ತರಬೇತಿ ಕೊಡಬೇಕು. ಮತ್ತು ಬಿಡುಗಡೆಯ ದಿನ ತಾವೇ ವೇದಿಕೆಯ ಮೇಲೆ ಚೀಲವನ್ನು ಬೆನ್ನಿಗೇರಿಸಿ, ಆ ಪಕ್ಕದ ಬಾಯಿಗೆ ತಮ್ಮ ಸ್ವಂತ ಕೈ ಹಾಕಿ, ಎಲ್ಲರಿಗೂ ಇನ್ನೊಂದು ಕೈಯಿಂದ ನಮಸ್ಕರಿಸಬೇಕು.

ಇವು ಆಗದ ಮಾತು ಎಂದು ನನಗೆ ಗೊತ್ತು. ಆಗುವ ಮಾತು ಒಂದಿದೆ. ಆ ತುಣುಕನ್ನು ಅಳಿಸಿ ಹಾಕಿ. ಜಾಹೀರಾತಿನಿಂದ ಮಾತ್ರವಲ್ಲ, ತಮ್ಮ ಕಂಪ್ಯೂಟರುಗಳಿಂದ, ಪ್ರಚಾರ ವಿಭಾಗದವರ ಮೊಬೈಲುಗಳಿಂದ, ಎಲ್ಲೆಲ್ಲಿ ನಕಲು ಹೋಗಿದೆಯೋ ಅಲ್ಲಿಂದೆಲ್ಲ. ಒಪ್ಪಿಗೆ ಕೊಡಲು ಅದು ನಮ್ಮದಲ್ಲ, ಕೇಳಲು ತಮ್ಮದೂ ಅಲ್ಲ. ಆ ತಾಯಿ ಸೋತ ಇಪ್ಪತ್ತು ಸೆಕೆಂಡು ಅದು. ಅವರಿಗೆ ಅದು ಬೇಕೋ ಬೇಡವೋ ಅವರೇ ಹೇಳಲಿ. ಅವರನ್ನು ಕೇಳಿದೆವು. “ನಮ್ಮನೇಲಿರೋದು ಸಾಕು” ಎಂದಿದ್ದಾರೆ. ನಾವು ಚಿತ್ರಿಸಿದ್ದನ್ನು, ಚರ್‍ರ್ ಸಮೇತ, ಕತ್ತರಿಸದೆ, ಅವರಿಗೆ ಕೊಟ್ಟು ನಮ್ಮಲ್ಲಿದ್ದ ಪ್ರತಿಯನ್ನು ಅವರೆದುರೇ ಅಳಿಸಿದ್ದೇವೆ. ಅವರ ಮನೆಯಾಚೆ ಈಗ ಉಳಿದಿರುವುದು ತಮ್ಮದೊಂದೇ. ಬಿಡುಗಡೆಯ ದಿನ ಅದು ಪರದೆಯ ಮೇಲೆ ಬಂದರೆ, ಈ ಪತ್ರದಷ್ಟು ಮರ್ಯಾದೆಯಿಂದ ನಾನು ಇನ್ನೊಂದು ಪತ್ರ ಬರೆಯಲಾರೆ. ಆಗ ಬರೆಯುವವಳು ಅಕ್ಕ.

ಹಾಗೆಯೇ ಹಲಗೆಗೆ ಪಿನ್ನು ಹೊಡೆದಿರುವ ಅವಳ ಹಳೆಯ ಬ್ಯಾಗನ್ನು, ತುಂಡುಗಳಾಗಿದ್ದರೂ ಪರವಾಗಿಲ್ಲ, ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಹೊಲಿದುಕೊಳ್ಳುತ್ತೇವೆ. ಅದಕ್ಕೆ ಏನೂ ಮಾಡಲು ಬರುವುದಿಲ್ಲವೆಂಬ ಕೊರತೆಯನ್ನು ನಾವು ಹೇಗೋ ಸಹಿಸಿಕೊಳ್ಳುತ್ತೇವೆ.

ತಮ್ಮ ಬಿಡುಗಡೆ ಸಮಾರಂಭಕ್ಕೂ ಅದರಿಂದ ನಮ್ಮ ಬಿಡುಗಡೆಗೂ ಶುಭ ಕೋರುತ್ತ,

ಅಕ್ಕನಿಗೆ ಸ್ವಂತ ತಮ್ಮನೂ, ಇನ್ನೊಂದು ವಾರದ ಮಟ್ಟಿಗೆ ತಮ್ಮ ವಿಶ್ವಾಸಿಯೂ ಆದ,
ಮೈಕು ಹಿಡಿಯುವವನು

ಮರೆತ ಮಾತು: ಗುಬ್ಬಿಗೆ ಈಗ ಮಾತು ಕಲಿಸುತ್ತಿದ್ದಾರೆ. ನಿನ್ನೆ ಊಟ ಮಾಡಿಸುವಾಗ ಅವಳು ಮೊಟ್ಟಮೊದಲ ಪದ ಆಡಿದಳಂತೆ. ಅಲ್ಲಿ ಕ್ಯಾಮೆರಾ ಇರಲಿಲ್ಲ, ಮೈಕು ಇರಲಿಲ್ಲ, ದೇವರ ದಯೆಯಿಂದ ಚೀಲವೂ ಇರಲಿಲ್ಲ. ತಾಯಿ ತಕ್ಷಣ ಅಕ್ಕನಿಗೆ ಫೋನ್ ಮಾಡಿದರು. ಆ ಪದ ಯಾವುದೆಂದು ನಮಗೆ ಹೇಳಿದರು, ತಮಗೆ ಹೇಳಬೇಡಿ ಎಂದೂ ಹೇಳಿದರು.